ನೂರ ಹದಿನಾಲ್ಕು ಸುತ್ತು

ಮೊದಲು ಬಂದದ್ದು ಸದ್ದು. ಮನುಷ್ಯ ಬಂದದ್ದು ಆಮೇಲೆ.

ನೆವೆನಾ ಗ್ಯಾರೇಜಿನಲ್ಲಿ ಒಂದು ಕಾರಿನ ಅಡಿ ಮಲಗಿದ್ದಳು. ರಸ್ತೆಯ ತಿರುವಿನಿಂದ ಯಾವುದೋ ಎಂಜಿನ್ ಗರಗರ ಅನ್ನುತ್ತಾ ಹತ್ತಿರವಾಯಿತು. ಟೈಮಿಂಗ್ ಚೈನ್ ಸಡಿಲವಾಗಿದೆ, ಯಾವನೋ ಪುಣ್ಯಾತ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಓಡಿಸಿದ್ದಾನೆ ಎಂದು ಮಲಗಿದಲ್ಲೇ ಬೈದುಕೊಂಡಳು. ಕಾರು ಬಾಗಿಲಲ್ಲಿ ನಿಂತಿತು. ಎರಡು ಕಂದು ಬೂಟುಗಳು ಕಾಣಿಸಿದವು. ಬಲಗಾಲು ಕೊಂಚ ಒಳಕ್ಕೆ ತಿರುಗಿತ್ತು.

ಕಜಾನ್ಲಕ್ ಊರಿನಲ್ಲಿ ಹಾಗೆ ನಿಲ್ಲುತ್ತಿದ್ದವನು ಒಬ್ಬನೇ. ಅವನು ಊರು ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ನೆವೆನಾ ಗಡಬಡಿಸಿ ಎದ್ದು ಹಣೆಯನ್ನು ಕಾರಿನ ತಳಕ್ಕೆ ಚಚ್ಚಿಕೊಂಡಳು.

"ಅಯ್ಯೋ, ಪೆಟ್ಟಾಯ್ತಾ?"

"ಇಲ್ಲ, ಕಾರಿಗೆ ಮುತ್ತು ಕೊಟ್ಟೆ," ಎನ್ನುತ್ತಾ ಹಣೆ ಉಜ್ಜಿಕೊಂಡು ಹೊರಬಂದಳು.

ಲ್ಯುಬೆನ್, ಊರ ರೂಢಿಯಂತೆ ಬಾಗಿಲಿಗೆ ಅಂಟಿಸಿದ್ದ ಸಾವಿನ ಚೀಟಿಯನ್ನು ಓದುತ್ತಾ ನಿಂತಿದ್ದ. ಅದರಲ್ಲಿ ಅವಳ ಅಪ್ಪ ಪೆಂಚೊ ಮೇಸ್ತ್ರಿಯ ಫೋಟೋ ಇತ್ತು. ತೀರಿಕೊಂಡು ಆರು ತಿಂಗಳಾಗಿತ್ತು. ಅವನು ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ. ಕೂದಲು ಬೂದಿಬಣ್ಣಕ್ಕೆ ತಿರುಗಿತ್ತು, ಕಣ್ಣು ಮಾತ್ರ ಅವೇ, ನಗುವ ಮೊದಲೇ ನಕ್ಕುಬಿಡುವ ಕಣ್ಣು.

"ನೆವೆನಾ? ನೀನೇನಾ?"

"ಅಲ್ಲ, ಅವಳ ಅಜ್ಜಿ. ಏನಾಗಿದೆ ನಿನ್ನ ಗಾಡಿಗೆ?"

"ಸೋಫಿಯಾಕ್ಕೆ ಹೊರಟಿದ್ದೆ. ದಾರೀಲಿ ಸದ್ದು ಶುರುವಾಯ್ತು."

ಅವಳು ಕಾರನ್ನು ಒಳಗೆ ತಳ್ಳಿಸಿದಳು. ಎರಡು ಗಂಟೆಯಲ್ಲಿ ಎಂಜಿನ್ನಿನ ಮುಖದ ಮುಚ್ಚಳ ಬಿಚ್ಚಿ ಮುಗಿಸಿದಳು. ಒಳಗೆ ಗೇರುಗಳನ್ನು ಒಂದೇ ಲಯದಲ್ಲಿ ತಿರುಗಿಸುವ ಹಳೇ ಚೈನ್ ಜೋತುಬಿದ್ದಿತ್ತು. ಅದು ಉಜ್ಜಿ ಉಜ್ಜಿ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಅರ್ಧಕ್ಕರ್ಧ ಸವೆದುಹೋಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಇವತ್ತು ಶುರುವಾದ ಸದ್ದಾ ಇದು? ಕಡೇಪಕ್ಷ ಚಳಿಗಾಲದಿಂದ ಬಡ್ಕೋತಿದೆ. ನಂಬರ್ ಪ್ಲೇಟು ಬುರ್ಗಾಸಿಂದು. ಅಲ್ಲಿ ಗ್ಯಾರೇಜೇ ಇಲ್ವಾ?"

"ಇದಾವೆ."

"ದಾರೀಲಿ?"

"ಬೇಕಾದಷ್ಟು."

"ಮತ್ತೆ?"

ಅವನು ಕಿಟಕಿಯಾಚೆ ಏನೋ ಘನವಾದದ್ದು ನಡೆಯುತ್ತಿರುವಂತೆ ಅತ್ತ ನೋಡಿದ. ಕಿವಿ ಮಾತ್ರ ಕೆಂಪಾಯಿತು. ಐವತ್ತು ದಾಟಿದ ಗಂಡಸಿನ ಕಿವಿ ಇಷ್ಟು ಕೆಂಪಾಗುತ್ತದೆಂದು ನೆವೆನಾಳಿಗೆ ಗೊತ್ತಿರಲಿಲ್ಲ. ಅವಳಿಗೆ ಒಳಗೊಳಗೇ ಖುಷಿಯಾಯಿತು.

ಹೊಸ ಚೈನ್ ಕಪಾಟಿನಲ್ಲೇ ಇತ್ತು. ಅದನ್ನು ತಂದು ಅವನತ್ತ ಚಾಚಿದಳು. "ತಗೋ, ನೀನೇ ಕೂರಿಸು. ನಿನ್ನಷ್ಟು ನಯವಾಗಿ ಕೂರಿಸೋರು ಈ ಊರಲ್ಲಿ ಮತ್ತೆ ಹುಟ್ಟಲಿಲ್ಲ."

ಲ್ಯುಬೆನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಬೇಡ ಮಾರಾಯ್ತಿ. ಈ ಕೈಗಳನ್ನ ನಂಬೋ ಹಾಗಿಲ್ಲ."

"ಅಂದ್ರೆ?"

"ಅವತ್ತಿಂದ ಸ್ಪ್ಯಾನರ್ ಮುಟ್ಟಿಲ್ಲ. ಬೇಕರೀಲಿ ಹಿಟ್ಟು ನಾದ್ತೀನಿ. ಹಿಟ್ಟಲ್ಲಿ ಗೇರಿನ ಹಾಗೆ ಎರಡು ಹಲ್ಲು ತಪ್ಪಿ ಯಾರ ಎಂಜಿನ್ನೂ ಒಡೆಯಲ್ಲ ನೋಡು." ಹೇಳಿ ನಕ್ಕ. ಅವಳಿಗೆ ನಗು ಬರಲಿಲ್ಲ.

ಇಷ್ಟು ವರ್ಷ ಅವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡು ಬಂದಿದ್ದಳು. ಲ್ಯುಬೆನ್ ಎಲ್ಲೋ ಸಮುದ್ರದ ದಡದಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡು ಚೆನ್ನಾಗಿದ್ದಾನೆ ಎಂಬುದೇ ಆ ಸಮಾಧಾನ. ಅದು ಈಗ ಕಣ್ಣೆದುರೇ ಕುಸಿದುಬಿತ್ತು.

ಇಪ್ಪತ್ತೆಂಟು ವರ್ಷದ ಹಿಂದೆ ಲ್ಯುಬೆನ್ ಇದೇ ಗ್ಯಾರೇಜಿನಲ್ಲಿ ಅವಳ ಅಪ್ಪನ ಕೈಕೆಳಗೆ ಕೆಲಸಕ್ಕಿದ್ದ. ಅವತ್ತು ಸಂತ ಜಾರ್ಜರ ಹಬ್ಬ. ಊರಿನ ಸೂಲಗಿತ್ತಿ ಸ್ಟಾಂಕಾಳ ಕಾರಿಗೆ ಹೊಸ ಚೈನ್ ಬೇಕಾಗಿತ್ತು. ಅವಳಿಗೆ ಕಾರಿಲ್ಲದಿದ್ದರೆ ಸುತ್ತಲಿನ ಹಳ್ಳಿಯ ಬಸುರಿಯರಿಗೆ ಕಷ್ಟವೆಂದು ಮೇಸ್ತ್ರಿ ಹಬ್ಬದ ದಿನವೂ ಗ್ಯಾರೇಜು ತೆರೆದಿದ್ದರು. ಲ್ಯುಬೆನ್ ಚೈನ್ ಕೂರಿಸಿದ. ಕೀಲಿ ಹಾಕುವ ಮೊದಲು ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಬೇಕೆಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಅದನ್ನೂ ಮಾಡಿದ. ಆಮೇಲೆ ಗಂಡಸರಿಬ್ಬರೂ ಹಬ್ಬದ ಕುರಿಯೂಟಕ್ಕೆ ಹೋದರು.

ಇಪ್ಪತ್ತು ವರ್ಷದ ನೆವೆನಾ ಒಬ್ಬಳೇ ಉಳಿದಳು. ಲ್ಯುಬೆನ್ ಮಾಡಿದ ಕೆಲಸವನ್ನು ಕಣ್ತುಂಬ ನೋಡುವ ಆಸೆ ಅವಳಿಗೆ. ಬಗ್ಗಿ ನೋಡಿದರೆ, ಅಯ್ಯೋ ದೇವರೇ! ಹೊಸ ಚೈನಿನಲ್ಲಿ ಮೂರು ಕೊಂಡಿಗಳಿಗೆ ಬಣ್ಣವಿರುತ್ತದೆ. ಕೂರಿಸುವಾಗ ಅವು ಗೇರುಗಳ ಚುಕ್ಕೆಗೆ ನೇರ ಬರಬೇಕು. ಈಗ ಒಂದೂ ನೇರವಿರಲಿಲ್ಲ. ಅಪ್ಪ ನೋಡಿದರೆ ಅವನ ಚರ್ಮ ಸುಲಿಯುತ್ತಾರೆಂದು ಹೆದರಿ, ಚೈನನ್ನು ತಾನೇ ಸಡಿಲಿಸಿ, ಅವಸರದಲ್ಲಿ ಮತ್ತೆ ಕೂರಿಸಿದಳು. ಆ ಗಡಿಬಿಡಿಯಲ್ಲಿ ಗೇರು ಎರಡು ಹಲ್ಲು ಜಾರಿತು, ಅವಳಿಗೆ ತಿಳಿಯಲಿಲ್ಲ. ತಿರುಗಿಸಿ ಪರೀಕ್ಷಿಸಲೂ ಇಲ್ಲ. ಅಷ್ಟರಲ್ಲಿ ಅಪ್ಪ ಬಂದುಬಿಟ್ಟರೆ ಎಂಬ ಭಯ.

ಊಟ ಮುಗಿಸಿ ಬಂದ ಮೇಸ್ತ್ರಿ ಕೀಲಿ ತಿರುಗಿಸಿದರು. ಒಳಗೆ ಕಟಕಟನೆ ವಾಲ್ವುಗಳು ಬಗ್ಗಿ ಎಂಜಿನ್ ಹಾಳಾಯಿತು. ಲ್ಯುಬೆನ್‌ಗೆ ಬಾಯಿಗೆ ಬಂದಂತೆ ಬೈದು ಅಂದೇ ಓಡಿಸಿದರು. ನೆವೆನಾ ಗೋಡೆಗೆ ಒರಗಿ ನಿಂತಿದ್ದಳು. ತುಟಿ ಬಿಚ್ಚಲಿಲ್ಲ.

ಎಂಜಿನ್ ತಿರುಗಿದರೆ ಬಣ್ಣದ ಕೊಂಡಿಗಳು ಜಾಗ ಬಿಟ್ಟು ಹೋಗಲೇಬೇಕು, ನೋಡಬೇಕಾದದ್ದು ಗೇರಿನ ಚುಕ್ಕೆ ಮಾತ್ರ; ಲ್ಯುಬೆನ್ ಕೂರಿಸಿದ್ದು ಸರಿಯಾಗಿಯೇ ಇತ್ತು. ಇದನ್ನು ಅಪ್ಪ ಅವಳಿಗೆ ಕಲಿಸುವ ಹೊತ್ತಿಗೆ ಮತ್ತೊಂದು ಹಬ್ಬ ಕಳೆದಿತ್ತು.

"ಲ್ಯುಬೆನ್, ಕೂತ್ಕೋ. ನಿನ್ನ ಕೈ ತಪ್ಪು ಮಾಡಿಲ್ಲ. ತಪ್ಪು ನನ್ನದು."

ನಿಂತಲ್ಲೇ ನಿಂತು, ಏನನ್ನೂ ಮುಚ್ಚಿಡದೆ ಹೇಳಿದಳು.

ಅವನ ಮುಖದ ನಗು ಹೋಯಿತು. "ನೀನು ಅವತ್ತು ಒಂದು ಮಾತೂ ಆಡಲಿಲ್ಲ. ನೀನೂ ನನ್ನ ಕೈಯನ್ನ ನಂಬಲಿಲ್ಲ ಅಂದ್ಕೊಂಡೆ. ನಿಮ್ಮಪ್ಪ ಬೈದಿದ್ದಕ್ಕೆ ಊರು ಬಿಟ್ಟೆ ಅನ್ಕೊಂಡಿದ್ಯಾ? ಮಾರನೇ ದಿನ ಬಂದು ಕಾಲಿಗೆ ಬೀಳ್ತಿದ್ದೆ. ನೀನು ಸುಮ್ಮನಿದ್ದದ್ದಕ್ಕೆ ಬಿಟ್ಟೆ."

"ಮೊದಲು ಅಪ್ಪನ ಹೆದರಿಕೆ. ಆಮೇಲೆ ನಾಚಿಕೆ. ನಿನ್ನ ವಿಳಾಸ ಕೇಳೋಕೆ ನಿಮ್ಮಮ್ಮನ ಬಾಗಿಲವರೆಗೂ ಎರಡು ಸಲ ಹೋದೆ."

"ಬಾಗಿಲು ತಟ್ಟೋಕಾಗಲಿಲ್ವಾ?"

ಅವನು ಟೊಪ್ಪಿ ತೆಗೆದುಕೊಂಡು ಹೊರಟುಹೋದ.

ಬಿಚ್ಚಿಟ್ಟ ಕಾರನ್ನು ಬಿಟ್ಟು ಎಲ್ಲಿಗೆ ಹೋದಾನು ಎಂದು ಅಂದುಕೊಂಡಳು. ಹಾಗೇ ನೆನಪಾಯಿತು, ಹನ್ನೊಂದೂವರೆಗೆ ಬುರ್ಗಾಸಿಗೆ ಬಸ್ಸಿದೆ. ಹನ್ನೊಂದೂವರೆ ದಾಟುವವರೆಗೆ ಅವಳು ಒಂದು ನಟ್ಟನ್ನೂ ಮುಟ್ಟಲಿಲ್ಲ. ಬಸ್ಸು ಹಾರ್ನ್ ಹೊಡೆದುಕೊಂಡು ಗ್ಯಾರೇಜಿನ ಮುಂದೆಯೇ ಹೋಯಿತು. ಕಿಟಕಿಗಳಲ್ಲಿ ಅವನ ಮುಖ ಹುಡುಕಿದಳು, ಸಿಗಲಿಲ್ಲ.

"ನೀನು ಹುಡುಕ್ತಿರೋನು ಈ ಕಡೆ ಇದ್ದಾನೆ," ಎಂದಿತು ಹಿಂದಿನಿಂದ ದನಿ. ಲ್ಯುಬೆನ್ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಕಣ್ಣಂಚು ಕೆಂಪಾಗಿತ್ತು. "ಸಿಟ್ಟು ಇನ್ನೂ ಇದೆ, ಗೊತ್ತಿರಲಿ. ಇಳಿಯೋಕೆ ಹೊತ್ತು ಬೇಕು. ಚೈನ್ ಕೊಡು ಇಲ್ಲಿ."

ತೋಳು ಮಡಚಿ ಬಗ್ಗಿದ. ಮೊದಲ ಕೊಂಡಿ ಎರಡು ಸಲ ಜಾರಿತು. ನೆವೆನಾ ಸಹಾಯಕ್ಕೆ ಕೈ ಚಾಚಿದಾಗ, "ಇಪ್ಪತ್ತೆಂಟು ವರ್ಷದ ಹಿಂದೆ ಮಾಡಿದ ಸಹಾಯ ಸಾಕು ತಾಯಿ, ದೂರ ನಿಂತ್ಕೋ," ಎಂದ. ಅವಳು ದೂರ ನಿಂತಳು. ನಗು ಬಂತು, ಅದರ ಜೊತೆಗೆ ಅಳುವೂ ಬಂತು. ಮೂರನೆಯ ಸಲ ಕೊಂಡಿ ಹಲ್ಲಿಗೆ ಕಚ್ಚಿ ಕೂತಿತು. ಆಮೇಲೆ ಅವನ ಬೆರಳುಗಳಿಗೆ ಎಲ್ಲ ನೆನಪಾಯಿತು.

ಎರಡು ಸುತ್ತು ತಿರುಗಿಸಿದ. ಗೇರಿನ ಚುಕ್ಕೆಗಳು ತಮ್ಮ ಗೆರೆಗೆ ನೇರ ಬಂದು ನಿಂತವು. ಬಣ್ಣದ ಕೊಂಡಿಗಳು ಎಲ್ಲೋ ಹೋಗಿದ್ದವು.

"ಆ ಬಣ್ಣ ವಾಪಸ್ ಬರೋಕೆ ಎಷ್ಟು ಸುತ್ತು ಬೇಕು?" ಎಂದು ಕೇಳಿದ.

"ಈ ಎಂಜಿನ್ನಿಗೆ ಇಲ್ಲಿಂದ ಇನ್ನೂ ನೂರ ಹದಿನಾಲ್ಕು. ಯಾರೂ ಅಷ್ಟು ತಿರುಗಿಸಲ್ಲ. ಅವಶ್ಯಕತೆನೇ ಇಲ್ಲ."

"ನನಗಿದೆ. ವರ್ಷಕ್ಕೆ ನಾಲ್ಕು ಸುತ್ತು. ಒಂದೊಂದೇ ವರ್ಷ ಹೇಳ್ತಾ ಬಾ. ನಾನೂ ಹೇಳ್ತೀನಿ."

ಎಂಜಿನ್ ತಿರುಗಿಸುವ ಒಂದೇ ಸಲಾಕೆಗೆ ಇಬ್ಬರೂ ಕೈ ಹಾಕಿದರು. ಮೊದಲ ವರ್ಷ ಅವನು ಬಂದರಿನಲ್ಲಿ ಮೂಟೆ ಹೊತ್ತಿದ್ದ. ಐದನೆಯ ವರ್ಷ ಅವಳಿಗೆ ನಿಶ್ಚಯವಾಗಿ, ಉಂಗುರ ಸಣ್ಣದಾಯಿತೆಂಬ ನೆಪ ಹೇಳಿ ಅವಳೇ ಮುರಿದಿದ್ದಳು. ಒಂಬತ್ತನೆಯ ವರ್ಷ ಅವನ ಮದುವೆ, ಹದಿಮೂರನೆಯ ವರ್ಷ ವಿಚ್ಛೇದನ. "ಒಳ್ಳೆಯವಳು ಪಾಪ. ನನ್ನ ಮನಸ್ಸು ಎಲ್ಲಿದೆ ಅಂತ ನನಗಿಂತ ಮೊದಲು ಅವಳಿಗೆ ತಿಳೀತು." ಇಪ್ಪತ್ತೆಂಟನೆಯ ವರ್ಷ ಅಪ್ಪನ ಸಾವು. ಅದನ್ನು ಹೇಳುವಾಗ ಅವಳ ಕೈ ನಿಂತಿತು, ಅವನೊಬ್ಬನೇ ತಿರುಗಿಸಿದ.

"ಇನ್ನೆರಡು ಸುತ್ತು ಉಳಿದಿದೆ. ವರ್ಷಗಳು ಮುಗಿದುಹೋದ್ವು," ಎಂದಳು.

"ಸೋಫಿಯಾದಲ್ಲಿ ನನಗೆ ಯಾರೂ ಇಲ್ಲ ನೆವೆನಾ."

"ಗೊತ್ತು."

"ನೀನು ಅಂದ್ರೆ ನನಗೆ ಅವತ್ತೂ ಪ್ರಾಣ, ಇವತ್ತೂ ಪ್ರಾಣ. ಸಿಟ್ಟಲ್ಲಿದ್ದಾಗಲೂ ಅಷ್ಟೇ."

ಅವಳು ಮಾತಾಡಲಿಲ್ಲ. ಮರುಕ್ಷಣ, ಗೋಡೆಗೆ ಒರಗಿ ಸುಮ್ಮನೆ ನಿಂತ ಆ ಹುಡುಗಿಯ ನೆನಪಾಗಿ, ಬೆಚ್ಚಿಬಿದ್ದು, ಸಲಾಕೆಯನ್ನು ಒಂದು ಸುತ್ತು ತಿರುಗಿಸುತ್ತಾ ಜೋರಾಗಿಯೇ ಹೇಳಿದಳು: "ನನಗೂ ನೀನೇ ಬೇಕು. ಅವತ್ತೇ ಬೇಕಿತ್ತು. ಕೇಳಿಸ್ತಾ? ಇನ್ನೊಂದು ಸಲ ಹೇಳ್ಲಾ?"

"ಹೇಳು, ಇನ್ನೊಂದು ಸುತ್ತಿದೆ."

ತಿರುಗಿಸುತ್ತಾ ಇನ್ನೊಂದು ಸಲ ಹೇಳಿದಳು. ಮೂರು ಬಣ್ಣದ ಕೊಂಡಿಗಳು ಮೂರು ಚುಕ್ಕೆಗಳ ಎದುರಿಗೆ ಬಂದು ನಿಂತವು. ಇಬ್ಬರೂ ಅತ್ತ ನೋಡಲಿಲ್ಲ. ಅವನ ಎಣ್ಣೆಗೈಯನ್ನು ಅವಳು ತನ್ನ ಕೆನ್ನೆಗೆ ಒತ್ತಿಕೊಂಡಿದ್ದಳು.

"ಕಾರು ಇವತ್ತೇ ಬೇಕಾ?" ಎಂದು ಕೇಳಿದಳು.

"ಬೇಡ."

"ನಾಳೆ?"

"ನಾಳೆನೂ ಬೇಡ."

ನೆವೆನಾ ನಡುಮಧ್ಯಾಹ್ನವೇ ಗ್ಯಾರೇಜಿನ ಬಾಗಿಲು ಎಳೆದು, ಅವನನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೋದಳು.