ಮಸ್ಕಿ ಬಿಟ್ಟು ಲಿಂಗಸೂಗೂರು

ಬಾಗಿಲಲ್ಲಿ ದುರುಗೇಶ ನಿಂತಿದ್ದ.

ಲಿಂಗಸೂಗೂರಿನ ಕಾಲೇಜಿನ ಗ್ರಂಥಾಲಯದಲ್ಲಿ, ಹುಡುಗರು ವಾಪಸು ಕೊಟ್ಟ ಪುಸ್ತಕಗಳನ್ನು ಬೇರೆ ಮಾಡುತ್ತ ಕೂತಿದ್ದ ನಾನು ತಲೆ ಎತ್ತಿದೆ. ಅವನ ನಗು ಮೊದಲು ಎಡಗೆನ್ನೆಯಲ್ಲಿ ಶುರುವಾಗುತ್ತದೆ, ಆಮೇಲೆ ಕಣ್ಣಿಗೆ ಹೋಗುತ್ತದೆ, ತುಟಿಗೆ ಬರುವುದು ಕೊನೆಗೆ. ಅದೇ ನಗು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ನಾ ಬರೂದು ನಿನಗ ಯಾರು ಹೇಳಿದ್ರು?" ಎಂದ.

"ನಾ ಇಲ್ಲಿರೂದು ನಿನಗ ಯಾರು ಹೇಳಿದ್ರು?" ಎಂದೆ.

ಇಬ್ಬರೂ ನಕ್ಕೆವು. ನನ್ನನ್ನು ನೋಡಲೆಂದೇ ಬಂದಿದ್ದಾನೆ ಎಂದುಕೊಂಡೆ ನಾನು. ತನ್ನನ್ನು ಎದುರುಗೊಳ್ಳಲು ಮಸ್ಕಿಯಿಂದ ಬಂದು ಕೂತಿದ್ದಾಳೆ ಎಂದುಕೊಂಡ ಅವನು. ಆ ಗಳಿಗೆಯಷ್ಟು ಸುಖವನ್ನು ನಾನು ಆ ವರ್ಷ ಬೇರೆಲ್ಲೂ ಕಂಡಿರಲಿಲ್ಲ.

ಅವನ ಹಿಂದೆಯೇ ಬಂದ ಅಟೆಂಡರ್ ಜಂಗ್ಲಿಸಾಬ್ ಅದನ್ನು ಮುಗಿಸಿದರು. "ಮೇಡಂ, ಇವ್ರೇ ಹೊಸಾ ಲೈಬ್ರೇರಿಯನ್ ಸಾಹೇಬ್ರು. ಪರ್ಮನೆಂಟ್. ಈಗ ಪ್ರಿನ್ಸಿಪಾಲರ ಹತ್ರ ಜಾಯಿನ್ ಆಗಿ ಬಂದಾರ. ನಿಮ್ಮ ಕಡಿಂದ ಚಾರ್ಜ್ ತಗೋಬೇಕಂತ."

ದುರುಗೇಶನ ನಗು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮೊದಲು ತುಟಿ, ಆಮೇಲೆ ಕಣ್ಣು.

ನಾನು ಅತಿಥಿ ಗ್ರಂಥಪಾಲಕಿ. ಖಾಲಿ ಹುದ್ದೆಯಲ್ಲಿ ನಮ್ಮನ್ನು ಕೂರಿಸುತ್ತಾರೆ. ಕಾಯಂ ನೇಮಕವಾದವರು ಬಂದ ದಿನ ಎದ್ದು ಹೋಗಬೇಕು. ಇದು ಗೊತ್ತಿದ್ದೇ ಸೇರಿದ್ದೆ. ಹೊಸಬರು ತಮಗೆ ಬೇಕಾದ ಊರು ಆರಿಸಿಕೊಳ್ಳುವ ಕೌನ್ಸೆಲಿಂಗ್ ನಡೆದಿದೆ ಎಂದು ತಿಳಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಬರುವವರ ಮುಖವನ್ನು ಬಗೆಬಗೆಯಾಗಿ ಊಹಿಸಿಕೊಂಡಿದ್ದೆ. ಈ ಮುಖವನ್ನು ಊಹಿಸಿರಲಿಲ್ಲ.

ಸಿಂಧನೂರಿನಲ್ಲಿ ಹಗಲು ಜೆರಾಕ್ಸ್ ಅಂಗಡಿಯಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿದವಳು ನಾನು. ಅವನು ಮುಕ್ಕುಂದದಿಂದ ಬೈಕಿನಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ನಾನು ಪುಸ್ತಕದ ಸಾಲುಸಾಲಿಗೂ ಗೆರೆ ಎಳೆಯುವುದನ್ನು ನೋಡಿ, "ಗೆರಿ ಹೊಡಿಲಾರದ ಸಾಲು ಯಾವುದಾರ ಉಳದೈತೇನ್ರೀ?" ಎಂದು ಕೇಳಿದ್ದೇ ಅವನ ಮೊದಲ ಮಾತು. ಬಿಟ್ಟ ಸಾಲಿನಿಂದಲೇ ಪ್ರಶ್ನೆ ಬರುತ್ತದೆ ಎಂಬ ಭಯ ನನ್ನದು. ಆ ಭಯವನ್ನು ನೋಡಿ ನಗದೆ ಇದ್ದವನು ಅವನೊಬ್ಬನೇ. ಇಲ್ಲ, ಅವನೂ ಚೂರು ನಗುತ್ತಿದ್ದ, ಆದರೆ ಬಸ್ಸಿನವರೆಗೆ ಜೊತೆಗೆ ನಡೆದು ಬರುತ್ತಿದ್ದ.

ಆಮೇಲೆ ನನಗೆ ಮಸ್ಕಿಯ ಕಾಲೇಜಿನಲ್ಲಿ ಅತಿಥಿ ಕೆಲಸ ಸಿಕ್ಕಿತು. ಅವನು ಕಾಯಂ ಹುದ್ದೆಯ ಪರೀಕ್ಷೆಗೆ ಓದಲು ಕೂತ. ಅದಕ್ಕೆ ಬೇಕಾದ ಅರ್ಹತೆ ನನಗೆ ಸ್ವಲ್ಪದರಲ್ಲಿ ತಪ್ಪಿತ್ತು. ಫೋನಿನಲ್ಲಿ ಮಾತಾಡುತ್ತ ಕೂತರೆ ಅವನದೂ ತಪ್ಪೀತೆಂದು, ಆರ್ಡರ್ ಕೈಗೆ ಬರುವ ತನಕ ಫೋನು ಬೇಡ ಎಂದು ಇಬ್ಬರೂ ಒಪ್ಪಿಕೊಂಡೆವು. ಆ ಮೌನದ ನಡುವೆ ಮಸ್ಕಿಗೆ ಬೇರೆ ಊರಿನ ಒಬ್ಬರನ್ನು ತಾತ್ಕಾಲಿಕವಾಗಿ ಕಳಿಸಿದರು, ನನ್ನನ್ನು ಲಿಂಗಸೂಗೂರಿಗೆ ಅಟ್ಟಿದರು. ಎರಡೂ ಕಡೆ ಕಾಯಂನವರು ಇಲ್ಲದ್ದರಿಂದ ಕಾಗದದ ಮೇಲೆ ಎರಡೂ ಊರು ಖಾಲಿಯೇ.

"ಕೌನ್ಸೆಲಿಂಗ್‌ನ್ಯಾಗ ಸ್ಕ್ರೀನ್ ಮ್ಯಾಲೆ ಮಸ್ಕಿನೂ ಇತ್ತು, ಶೈಲಾ," ಎಂದ ದುರುಗೇಶ. "ಮಸ್ಕಿ ತಗೊಂಡ್ರ ನಿನ್ನ ಕೆಲಸ ಹೋಗ್ತೈತಿ ಅಂತ ಬಿಟ್ಟೆ. ಲಿಂಗಸೂಗೂರು ಅಂದ್ರ ಹತ್ರ. ದಿನಾ ಸಂಜಿಕೆ ಬಸ್ ಹತ್ತಿ ಬಂದು ನಿನ್ನ ನೋಡಬೌದು ಅಂತ ತಗೊಂಡೆ. ಜಾಯಿನ್ ಆಗಿ, ಇವತ್ತ ಸಂಜಿಕೆ ಮಸ್ಕಿಗೆ ಬಂದು ಹೇಳಬೇಕಂತಿದ್ದೆ."

ನಾನು ಕುರ್ಚಿಯಿಂದ ಎದ್ದು, ಅದನ್ನು ಅವನ ಕಡೆ ಸರಿಸಿದೆ. ಅವನು ಕೂರಲಿಲ್ಲ. ನಾನೂ ಮತ್ತೆ ಕೂರಲಿಲ್ಲ. ದಿನವೆಲ್ಲ ಆ ಕುರ್ಚಿ ಖಾಲಿಯೇ ಇತ್ತು.

ಗ್ರಂಥಾಲಯದ ಚಾರ್ಜ್ ಕೊಡುವುದೆಂದರೆ ಬರೀ ಕೀಲಿ ಕೊಡುವುದಲ್ಲ. ಇರುವ ಪುಸ್ತಕಗಳನ್ನು ಒಂದೊಂದಾಗಿ ಮುಟ್ಟಿ ಒಪ್ಪಿಸಬೇಕು. ರ‍್ಯಾಕಿನ ಆ ಬದಿಗೆ ಅವನು, ಈ ಬದಿಗೆ ನಾನು. ಅವನು ನಂಬರ್ ಓದುತ್ತಿದ್ದ, ನಾನು "ಐತಿ" ಎನ್ನುತ್ತಿದ್ದೆ. ಒಂದೇ ಗ್ರಂಥಾಲಯದಲ್ಲಿ ಇಬ್ಬರೂ ಇರಬೇಕೆಂದು ಸಂಜೆ ಕ್ಲಾಸಿನ ದಿನಗಳಲ್ಲಿ ಎಷ್ಟು ಆಸೆಪಟ್ಟಿದ್ದೆ. ಆಸೆ ಕೈಗೂಡಿತ್ತು. ಪುಸ್ತಕ ಮುಗಿಯುವ ತನಕ ಮಾತ್ರ.

ಅವನು ಬೇಕೆಂದೇ ನಿಧಾನ ಮಾಡುತ್ತಿದ್ದ. ಇತಿಹಾಸದ ರ‍್ಯಾಕಿನಲ್ಲಿ ದಪ್ಪ ಪುಸ್ತಕವೊಂದನ್ನು ಎಳೆದುಕೊಂಡ. ಆ ಸಂದಿಯಲ್ಲಿ ಅವನ ಕಣ್ಣು ಕಂಡವು. ರೆಪ್ಪೆಯ ಮೇಲೆ ಧೂಳು. ಹಳೆಯ ಹಾಗೆ ಹುಬ್ಬು ಕುಣಿಸಿದ. ನಾನು ಇನ್ನೊಂದು ಪುಸ್ತಕ ಇಟ್ಟು ಸಂದಿ ಮುಚ್ಚಿದೆ. ಅವನು ಪಕ್ಕದ್ದನ್ನು ಎಳೆದ. ಅದನ್ನೂ ಮುಚ್ಚಿದೆ. ಮತ್ತೊಂದು ಎಳೆದಾಗ ನಗು ಬಂದೇಬಿಟ್ಟಿತು. ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

"ಪುಸ್ತಕ ಎಣಸಾಕತ್ತೀರೋ, ಗುಬ್ಬಿಗೂಡು ಹುಡುಕಾಕತ್ತೀರೋ?" ಎಂದರು ಜಂಗ್ಲಿಸಾಬ್, ಸ್ಟೂಲಿನ ಮೇಲೆ ಕೂತಲ್ಲಿಂದಲೇ. "ಹಿಂಗಾದ್ರ ನಾ ರಿಟೈರ್ ಆದ್ರೂ ಚಾರ್ಜ್ ಮುಗಿಯಂಗಿಲ್ಲ ಬೇಟಾ." ಹಾಗೆಂದು ಚಹಾ ತರಲು ಹೋದರು. ಬೇಗ ಬರಲಿಲ್ಲ.

ಆಗ ಸಂದಿಯ ಆ ಕಡೆಯಿಂದ ದುರುಗೇಶ ಕೇಳಿದ. "ಮದುವಿ ಆಗೂಣೇನು, ಶೈಲಾ?"

ಈ ಮಾತಿಗಾಗಿ ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಾದಿದ್ದೇನೆ. ಅವನು ಕೇಳುತ್ತಾನೆ, ನಾನು ಹೀಗೆ ಹೇಳುತ್ತೇನೆ ಎಂದು ಎಷ್ಟೋ ಸಲ ತುಟಿ ಅಲ್ಲಾಡಿಸಿದ್ದೇನೆ. ಈಗ ಕೈಯಲ್ಲಿದ್ದ ಪುಸ್ತಕದ ನಂಬರನ್ನು ಸುಮ್ಮನೆ ಓದಿ, "ಐತಿ" ಎಂದೆ.

ಆ ರಾತ್ರಿ ವಿಷಯ ತಿಳಿದು ಮನೆಯಲ್ಲಿ ಎಲ್ಲರಿಗೂ ಸಂತೋಷ. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಅಣ್ಣ ಗ್ಯಾನಪ್ಪ ಮುಕ್ಕುಂದಕ್ಕೆ ಯಾವಾಗ ಹೋಗುವುದೆಂದು ಲೆಕ್ಕ ಹಾಕತೊಡಗಿದ. "ಕೆಲಸ ಹೋತಂತ ಯಾಕ ಅಳ್ತೀ? ಅದೇ ಕೆಲಸ ನಮ್ಮ ಮನ್ಯಾಗ ಉಳೀತಲ್ಲ," ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆ ಮಾತು ನನ್ನ ಅನ್ನದ ತಟ್ಟೆಯಲ್ಲಿ ಕಲ್ಲಿನಂತೆ ಸಿಕ್ಕಿತು.

ಮರುದಿನ ದುರುಗೇಶನಿಗೆ ಹೇಳಿದೆ. ಹೇಳುವಾಗ ಅವನ ಮುಖ ನೋಡಲಿಲ್ಲ, ರ‍್ಯಾಕಿನ ಅಂಚನ್ನು ಒರೆಸುತ್ತ ಹೇಳಿದೆ. "ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ಈಗ ಹೂಂ ಅಂದ್ರ, ನಿನ್ನ ಸಲುವಾಗಿ ಅಂದೆನೋ, ಹೋಗಾಕ ಜಾಗ ಇಲ್ಲಂತ ಅಂದೆನೋ, ನನಗ ಗೊತ್ತಾಗಂಗಿಲ್ಲ. ನಾ ಎಂಥಾಕಿ ಅಂತ ನಿನಗ ಗೊತ್ತೈತಿ. ಜೀವನಪೂರ್ತಿ ಅದನ್ನೇ ಕೆದರಿಕೋತ ಕುಂದರ್ತೀನಿ."

ಅವನು ರಾಜೀನಾಮೆ ಬರೆಯುತ್ತೇನೆ, ಇವತ್ತೇ ಬರೆಯುತ್ತೇನೆ ಎಂದ. ಪೆನ್ನನ್ನೂ ತೆಗೆದ. ಅವನು ಬಿಟ್ಟರೆ ಪಟ್ಟಿಯಲ್ಲಿರುವ ಇನ್ನೊಬ್ಬರು ಬರುತ್ತಾರೆ, ಕುರ್ಚಿ ನನಗಂತೂ ಬರುವುದಿಲ್ಲ ಎಂದು ತಿಳಿಹೇಳಿದೆ. ಪೆನ್ನು ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅದನ್ನು ಜೇಬಿಗೆ ತುರುಕಿಕೊಂಡ.

ಪುಸ್ತಕಗಳು ಮುಗಿದ ದಿನವೇ ಇನ್ನೊಂದು ಸುದ್ದಿ ಬಂತು. ಜಾಗ ಕಳೆದುಕೊಂಡ ಅತಿಥಿಗಳು ಉಳಿದ ಖಾಲಿ ಜಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಅಂದೇ ಸಂಜೆ ಐದರೊಳಗೆ. ನಮ್ಮ ಭಾಗದಲ್ಲಿ ಉಳಿದಿದ್ದದ್ದು ಒಂದೇ. ಬೀದರ್ ದಾಟಿ, ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು. ನಾನು ಆ ಕಡೆ ಹೋದವಳೇ ಅಲ್ಲ. ಅಲ್ಲಿ ರೂಮು ಯಾರು ಕೊಡುತ್ತಾರೆ, ಅಲ್ಲಿಗೂ ಕಾಯಂನವರು ಬಂದರೆ ಏನು ಗತಿ ಎಂದು ಯೋಚಿಸುತ್ತ ಅರ್ಧ ದಿನ ಕಳೆದೆ. ಅಣ್ಣ ಫೋನಿನಲ್ಲಿ ಬೈದ. ಅವ್ವ ಅತ್ತಳು.

ನಾಲ್ಕೂವರೆಯಾದರೂ ನನ್ನ ಮೊಬೈಲಿನಲ್ಲಿ ಜಾಗ ಆರಿಸುವ ವೆಬ್ ಪುಟ ತೆರೆಯಲಿಲ್ಲ. ಉಳಿದದ್ದು ಗ್ರಂಥಾಲಯದ ಕಂಪ್ಯೂಟರ್. ಅದರ ಪಾಸ್‌ವರ್ಡನ್ನು ಹಿಂದಿನ ದಿನವಷ್ಟೇ ನಿಯಮದ ಪ್ರಕಾರ ಅವನಿಗೆ ಒಪ್ಪಿಸಿದ್ದೆ, ಅವನು ನಿಂತುಕೊಂಡೇ ಬದಲಿಸಿದ್ದ.

"ತೆರೆದು ಕೊಡ್ತೀಯಾ?" ಎಂದೆ.

ಅವನು ನನ್ನನ್ನು ನೋಡಿದ. ಇಷ್ಟು ದಿನ ಆ ಕುರ್ಚಿ ಮುಟ್ಟದವನು ಮೊದಲ ಸಲ ಅದರಲ್ಲಿ ಕೂತ. ಟೈಪ್ ಮಾಡಿದ. ಒಮ್ಮೆ ತಪ್ಪಿತು, ಮತ್ತೆ ಮಾಡಿದ. ಬಾಗಿಲಲ್ಲಿ ಜಂಗ್ಲಿಸಾಬ್ ಬೀಗ ಹಿಡಿದು ಕಾಯುತ್ತಿದ್ದರು.

"ಸರ್ವರ್ ಸ್ಲೋ ಐತಿ," ಎಂದ ದುರುಗೇಶ.

ಪುಟ ಪೂರ್ತಿ ತೆರೆದಿತ್ತು. ನಾನು ಅವನ ಹೆಗಲ ಹಿಂದೆಯೇ ನಿಂತಿದ್ದೆ. ನನಗೆ ಕಾಣುತ್ತದೆ ಎಂದು ಅವನಿಗೂ ಗೊತ್ತಿತ್ತು. ಅವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದರೆ ಐದು ಆಗುತ್ತಿತ್ತು, ನಾನು ಎಲ್ಲಿಗೂ ಹೋಗಬೇಕಾಗುತ್ತಿರಲಿಲ್ಲ. ಅದು ಅವನ ಕೈಯಲ್ಲಿತ್ತು.

ಅವನು ಎದ್ದುನಿಂತ.

"ನನ್ನ ಕೈಲೆ ಆಗಂಗಿಲ್ಲ. ನೀನೇ ಒತ್ತು."

ಊರಿನ ಹೆಸರು ಓದಿದೆ, ಮತ್ತೆ ಓದಿದೆ, ಒತ್ತಿದೆ. ಒತ್ತಿದ ಕೂಡಲೇ ಹಳೆಯ ಭಯ ಬಂತು. ಸರಿಯಾಗಿ ಒತ್ತಿದೆನೋ ಇಲ್ಲವೋ ನೋಡು ಎಂದು ಅವನನ್ನೇ ಕೇಳಿದೆ. ಅವನು ಬಗ್ಗಿ, ತುಂಬಿದ ಕಣ್ಣಿನಲ್ಲೇ ಪರದೆಯನ್ನು ಪೂರ್ತಿ ಓದಿ, "ಸರಿ ಐತಿ," ಎಂದ.

ಆಗ ನನ್ನೊಳಗೆ ಏನೋ ಹಗುರಾಯಿತು. ನನಗೆ ಹೋಗಲು ಒಂದು ಜಾಗವಿತ್ತು.

"ದುರುಗೇಶ, ಅವತ್ತು ಕೇಳಿದ್ದು ಈಗ ಕೇಳು."

"ಈಗ ಕೇಳಿ ಏನ್ ಮಾಡ್ಲಿ? ನೀ ಹೊಂಟಿ."

"ಹೊಂಟೀನಿ. ಅದಕ್ಕ ಕೇಳು."

ಅವನಿಗೆ ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲೆ ಆ ಮಾತನ್ನೇ ಕೇಳಿದ, ಅರ್ಧ ನುಂಗಿಕೊಂಡು.

"ಹೂಂ," ಎಂದೆ.

ನನ್ನ ಅಭ್ಯಾಸದಂತೆ ಆ ಹೂಂ ಅನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎಲ್ಲೂ ಸಂದೇಹ ಸಿಗಲಿಲ್ಲ. ಭಯವಿತ್ತು. ಕಾಣದ ಊರು, ಒಬ್ಬಳೇ, ಮತ್ತೆ ಯಾವಾಗ ನೋಡುತ್ತೇನೋ, ಯಾವ ವರ್ಷ ಒಂದೇ ಮನೆಯಲ್ಲಿ ಇರುತ್ತೇವೋ. ಆ ಭಯದ ಒಂದು ತುಣುಕೂ ಹೂಂಗೆ ತಾಗಿರಲಿಲ್ಲ.

ಅವನು ನನ್ನ ಎರಡೂ ಕೈ ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡ. ಅಂಗೈ ಒದ್ದೆಯಾಯಿತು. "ಹೋಗಬ್ಯಾಡ ಅನ್ನಂಗಿಲ್ಲ ನಾ," ಎಂದ ಕೈಯೊಳಗೇ, "ಅನ್ನಂಗಿಲ್ಲ, ಅನ್ನಂಗಿಲ್ಲ," ಎಂದು ಮತ್ತೆ ಮತ್ತೆ ಹೇಳಿದ.

ಬಾಗಿಲಲ್ಲಿದ್ದ ಜಂಗ್ಲಿಸಾಬ್ ಆ ಕಡೆ ತಿರುಗಿ ನಿಂತು, ಲೈಬ್ರರಿ ಬಂದ್ ಆಗೇತಿ, ನಾಳೆ ಬರ್ರಿ ಎಂದು ಖಾಲಿ ವರಾಂಡಕ್ಕೆ ಹೇಳುತ್ತಿದ್ದರು.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಕೈ ಬಿಡಿಸಿಕೊಳ್ಳಬೇಕಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.