ಹೆಣ್ಣು ನೋಡಲು ಬಂದು ನಿದ್ದೆ ಹೋದವನು

“ಇದನ್ನ ಮಾಡಿದ್ದು ಯಾರು? ಮೊದಲು ಅವರನ್ನ ಕರೀರಿ!”

ಭದ್ರಾವತಿಯ ಆ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಸುಮನಾಳ ದನಿ ಗ್ರೈಂಡರ್ ಸದ್ದನ್ನೂ ಮೀರಿಸಿತು. ಗ್ರೈಂಡರ್ ನಿಂತಿತು. ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು ಒಬ್ಬ ಎದ್ದು ನಿಂತ.

ಸುಮನಾ ಒಂದು ಹೆಜ್ಜೆ ಹಿಂದೆ ಸರಿದಳು.

ಅಯ್ಯೋ ಶಿವನೇ... ಇವನಾ?!

ಜ್ಞಾನೇಶ್! ೨೦೦೧ರ ಶ್ರಾವಣದಲ್ಲಿ ಸವಳಂಗ ರಸ್ತೆಯ ಅವಳ ಮನೆಗೆ ಹೆಣ್ಣು ನೋಡಲು ಬಂದು, ಅವಳು ಮಾತಾಡುತ್ತಿರುವಾಗಲೇ ಸೋಫಾಕ್ಕೆ ಒರಗಿ ನಿದ್ದೆ ಹೊಡೆದ ಮಹಾನುಭಾವ! ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲೇ ಇತ್ತು. “ಏನು ಓದ್ತಿದ್ದೀರಿ?” ಎಂದು ಕೇಳಿದವನೂ ಅವನೇ. ಮಿದುಳಿನ ಜೀವಕೋಶಗಳ ಬಗ್ಗೆ ಎಂ.ಫಿಲ್. ಮಾಡುತ್ತಿದ್ದ ಸುಮನಾ ಸಂಭ್ರಮದಿಂದ ಹೇಳುತ್ತಲೇ ಹೋಗಿದ್ದಳು... ಆಗ ಕೇಳಿಸಿತ್ತು ಗೊರಕೆ! ಸೋದರತ್ತೆ ದಾಕ್ಷಾಯಣಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿದ್ದಳು. ಈ ಗಂಡು ಬೇಡವೆಂದು ಸುಮನಾ ಅಂದು ಸಂಜೆಯೇ ಹೇಳಿಕಳಿಸಿದ್ದಳು.

ಆಮೇಲೆ ಎರಡು ವರ್ಷ ಅವನ ಸುದ್ದಿಯೇ ಇರಲಿಲ್ಲ.

“ನಾನೇ ಮಾಡಿದ್ದು. ಏನೀಗ?” ಎಂದ ಜ್ಞಾನೇಶ್.

“ನಿಮ್ಮ ಶೆಡ್ಡು ಅಂತ ಗೊತ್ತಿದ್ರೆ ಈ ಕಡೆ ತಲೆ ಹಾಕಿಯೂ ಮಲಗ್ತಿರಲಿಲ್ಲ.”

“ಆರ್ಡರ್ ಕೊಟ್ಟಿದ್ದು ನಿಮ್ಮ ಪ್ರಿನ್ಸಿಪಾಲರು. ಡ್ರಾಯಿಂಗ್ ಮೇಲೆ ನಿಮ್ಮ ಹೆಸರು ನೋಡಿದ ದಿನವೇ ವಾಪಸ್ ಕಳಿಸಬೇಕಿತ್ತು.”

ಮರುದಿನ ಹನ್ನೊಂದು ಗಂಟೆಗೆ ಶಿವಮೊಗ್ಗದ ಕಾಲೇಜಿನಲ್ಲಿ ಆಯ್ಕೆ ಸಮಿತಿಯವರ ಮುಂದೆ ಹಂಗಾಮಿ ಉಪನ್ಯಾಸಕಿ ಸುಮನಾಳ ಪಾಠ. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಆ ಪಾಠಕ್ಕೆಂದೇ ಈ ಆಳೆತ್ತರದ ಕಬ್ಬಿಣದ ಮಾಡೆಲ್. ಅದು ತೋರಿಸಬೇಕಿದ್ದದ್ದು ಇಷ್ಟು:

ಮಿದುಳಿನ ಜೀವಕೋಶದ ಕೊಂಬೆಯ ಮೇಲೆ ಮೊಗ್ಗಿನಂಥ ಪುಟ್ಟ ಉಬ್ಬು. ಪಕ್ಕದ ಜೀವಕೋಶದ ತುದಿ ಬಂದು ಮುಟ್ಟುವುದು ಅಲ್ಲೇ. ಉಬ್ಬಿನೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ಅವು ಒಂದು ತುದಿಯಲ್ಲಿ ಬಿಚ್ಚಿಕೊಳ್ಳುತ್ತ, ಇನ್ನೊಂದು ತುದಿಯಲ್ಲಿ ಸೇರಿಕೊಳ್ಳುತ್ತ ಇರುತ್ತವೆ. ಕಲಿತದ್ದನ್ನೇ ಮತ್ತೆ ಮತ್ತೆ ಕಲಿತರೆ ಎಳೆ ಬೆಳೆದು, ಉಬ್ಬು ದಪ್ಪವಾಗಿ, ನಂಟು ಗಟ್ಟಿಯಾಗುತ್ತದೆ. ಅದಕ್ಕೇ ಮಾಡೆಲ್ಲಿನ ಸರಳುಗಳು ಬಿಚ್ಚಿ ಜೋಡಿಸುವಂತಿರಬೇಕಿತ್ತು. ಈ ಪುಣ್ಯಾತ್ಮ ಎಲ್ಲವನ್ನೂ ಬೆಸೆದುಬಿಟ್ಟಿದ್ದ!

“ಬೋಲ್ಟ್ ಅಂತ ಬರೆದಿದ್ದೆ. ವೆಲ್ಡ್ ಯಾಕೆ ಮಾಡಿದ್ರಿ?”

“ಭದ್ರಾವತಿ ಕೆಲಸ ರೀ ಇದು. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಬೇಕಾದ್ರೆ ಹತ್ತಿ ಕುಣೀರಿ.”

“ಅಲ್ಲಾಡದಿದ್ರೆ ಆ ಜೀವಕೋಶ ಹೊಸದೇನೂ ಕಲಿಯಲ್ಲ! ಪಾಠವೇ ಅದು! ನಿಮಗೆಲ್ಲಿ ಅರ್ಥ ಆಗ್ಬೇಕು? ಅವತ್ತೂ ನಿದ್ದೆ ತಾನೆ ಹೊಡೆದದ್ದು?”

ಅವನ ಮುಖ ಕಪ್ಪಿಟ್ಟಿತು.

“ಹೌದು, ಹೊಡೆದೆ. ಆಗ ಕಾರ್ಖಾನೆ ಕೆಲಸದಲ್ಲಿದ್ದೆ, ಬದಲಿ ಆಳು ಬರಲಿಲ್ಲ. ಎರಡು ಶಿಫ್ಟ್ ಒಟ್ಟಿಗೆ ಮುಗಿಸಿ, ತಲೆಗೆ ನೀರು ಹಾಕ್ಕೊಂಡು ನೇರ ನಿಮ್ಮನೆಗೆ ಬಂದಿದ್ದೆ. ಯಾಕೆ ನಿದ್ದೆ ಬಂತು ಅಂತ ಒಂದು ಮಾತು ಕೇಳಿದ್ರಾ?”

ಸುಮನಾ ಕೇಳಿರಲಿಲ್ಲ, ನಿಜ. ಆದರೂ ಸೋಲಲು ಮನಸ್ಸಿಲ್ಲ.

“ಅದನ್ನ ಈಗ ಹೇಳಿದ್ರೆ ನನ್ನ ಕೆಲಸ ಉಳಿಯತ್ತಾ?” ಎಂದು ಸಿಡುಕಿ ಶಿವಮೊಗ್ಗದ ಬಸ್ಸು ಹತ್ತಿದಳು. ಮಲವಗೊಪ್ಪ ಬರುವಷ್ಟರಲ್ಲಿ ಕಣ್ಣು ತುಂಬಿತ್ತು. ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ... ಒಂದು ಮಾತು ಕೇಳಬಹುದಿತ್ತಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಮರುದಿನ ಹತ್ತು ಗಂಟೆಗೆ ಕಾಲೇಜಿನ ಗೇಟಿಗೆ ಲಗೇಜ್ ಆಟೋ ಬಂತು. ಇಳಿದ ಜ್ಞಾನೇಶನ ಕಣ್ಣು ನಿದ್ದೆಗೆಟ್ಟು ಕೆಂಡದಂತಿತ್ತು.

“ವೆಲ್ಡ್ ಎಲ್ಲ ಕತ್ತರಿಸಿ ಬೋಲ್ಟ್ ಹಾಕಿದ್ದೀನಿ. ಕೆಳಗೆ ಬಿಚ್ಚಿದ ತುಂಡನ್ನೇ ಮೇಲೆ ಹಾಕಿ. ಹೊಸ ಸರಳು ಸೇರಿಸಿದಷ್ಟೂ ಉಬ್ಬಿನ ಈ ತಗಡು ಅರಳಿ ತಲೆ ದಪ್ಪ ಆಗತ್ತೆ.”

ಸುಮನಾ ದಂಗಾದಳು. “ತಲೆ ದಪ್ಪ ಆಗೋದು ಡ್ರಾಯಿಂಗ್‌ನಲ್ಲಿ ಇರಲೇ ಇಲ್ಲ! ಯಾರು ಹೇಳಿದ್ದು?”

“ನೀವೇ. ನಿಮ್ಮನೆ ಸೋಫಾದಲ್ಲಿ. ಅಷ್ಟು ಕೇಳಿಸಿಕೊಂಡ ಮೇಲೇ ಕಣ್ಣು ಮುಚ್ಚಿದ್ದು.”

ಎರಡು ವರ್ಷ ನೆನಪಿಟ್ಟುಕೊಂಡಿದ್ದಾನೆ! ಹಾಗಾದರೆ...

“ಎಲ್ಲ ಗೊತ್ತಿದ್ದೂ ವೆಲ್ಡ್ ಮಾಡಿದ್ರಾ?!”

“ಹೂಂ.” ಅವನು ನೆಲ ನೋಡಿದ. “ಸಿಟ್ಟಿತ್ತು. ಜಗಳ ಆಡೋಕಾದ್ರೂ ಬರ್ತೀರಲ್ಲ ಅನ್ನಿಸ್ತು. ಇನ್ನೊಂದು ಸಲ ನೋಡಬೇಕಿತ್ತು ನಿಮ್ಮನ್ನ.”

“ನನ್ನ ಕೆಲಸ ಹೋಗ್ತಿತ್ತಲ್ರೀ, ಪಾಪಿ!”

“ಹೋಗೋಕೆ ಬಿಡ್ತಿದ್ನಾ?”

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಹಾಳಾದವನು... ಇಷ್ಟವಾಗಿಬಿಟ್ಟನಲ್ಲ! “ಒಳಗೆ ಬಂದು ಕೂತ್ಕೊಳ್ಳಿ” ಎಂದಳು, ಗದರುವ ದನಿಯಲ್ಲೇ.

ಪಾಠ ಮುಗಿದಾಗ ಸಮಿತಿಯ ಹಿರಿಯರಾದ ಶ್ರೀನಿವಾಸಮೂರ್ತಿ ತಾವೇ ಎದ್ದು ಬಂದು ಒಂದು ತುಂಡು ಬಿಚ್ಚಿ ಜೋಡಿಸಿ ನೋಡಿದರು. “ಕೆಲಸ ಕಾಯಂ ಆದ ಆರ್ಡರ್ ಈ ವಾರವೇ ಬರತ್ತಮ್ಮ” ಎಂದರು.

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಕೇಳಿಸಿತು ನೋಡಿ... ಅದೇ ಗೊರಕೆ!

ಎಲ್ಲರೂ ನಕ್ಕರು. ಈ ಸಲ ಸುಮನಾ ಕಾರಣ ಕೇಳಲಿಲ್ಲ, ರಾತ್ರಿಯಿಡೀ ಕೆಲಸ ಕೇಳಿದ ಮಾಡೆಲ್ ಅವಳ ಎದುರಿಗೇ ನಿಂತಿತ್ತು. ಎಲ್ಲರೂ ಹೋದ ಮೇಲೆ ಪಕ್ಕದಲ್ಲಿ ಕೂತು, ಅವನಾಗಿಯೇ ಕಣ್ಣು ಬಿಡುವವರೆಗೂ ಕಾದಳು.

“ಎಲ್ಲೀವರೆಗೆ ಕೇಳಿಸಿಕೊಂಡ್ರಿ?”

ಅವನು ಗಾಬರಿಯಿಂದ ಕಣ್ಣುಜ್ಜಿಕೊಂಡ. “ಕಲಿತದ್ದು ನಿದ್ದೆಯಲ್ಲೇ ಗಟ್ಟಿಯಾಗೋದು ಅಂದ್ರಲ್ಲ... ಅಲ್ಲೀವರೆಗೆ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಭಾನುವಾರ ಮನೆಗೆ ಬನ್ನಿ. ನಿದ್ದೆ ಮುಗಿಸ್ಕೊಂಡು.”

“ಉಪ್ಪಿಟ್ಟು ಇರತ್ತಾ?”

“ಇರತ್ತೆ ಮಾರಾಯ... ತಟ್ಟೆ ಮಾತ್ರ ಈ ಸಲ ನಾನೇ ಹಿಡ್ಕೋತೀನಿ.”