ವಿಹಾನನ ರೈಲು

ಸಿಂಗಪುರದ ಪಾಯಾ ಲೆಬಾರ್ ಮೆಟ್ರೋ ಸ್ಟೇಷನ್ನಿನ ಗೇಟಿನ ಬಳಿಗೆ ಆ ಶುಕ್ರವಾರ ಸಂಜೆ ನವನೀತ ಸುಳ್ಳು ಹೇಳಲೆಂದು ಬಂದವನಲ್ಲ. ರೈಲು ಕೊಳ್ಳಲು ಬಂದವನು. ಮೂವತ್ತನಾಲ್ಕು ತುಂಬಿದ, ಆಫೀಸಿನಲ್ಲಿ ಟೀಮ್ ಲೀಡ್ ಎನಿಸಿಕೊಂಡ ಗಂಡಸು ನಿಜವಾದ ರೈಲುಗಳ ನಡುವೆ ನಿಂತು ಆಟದ ರೈಲಿಗಾಗಿ ಕಾಯುವುದು ನಗೆಪಾಟಲಿನ ಸಂಗತಿ ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗವಚಿಕೊಂಡು ಏನೋ ಘನಂದಾರಿ ಕೆಲಸಕ್ಕೆ ಬಂದವನಂತೆ ಮುಖ ಮಾಡಿಕೊಂಡಿದ್ದ.

ಹಳೆಯ ಸಾಮಾನು ಮಾರುವ ಆಪ್‌ನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಆ ಫೋಟೋ ಕಂಡಿತ್ತು. ಕರೆಂಟಿನಲ್ಲಿ ಓಡುವ ರೈಲು. ಹಸಿರು ಎಂಜಿನ್, ಕೆಂಪು ಬೋಗಿಗಳು, ಒಂದು ಸುರಂಗ. ಫೋಟೋದ ಕೆಳಗೆ ಬರೆದಿದ್ದನ್ನು ಓದುವ ಗೋಜಿಗೆ ಅವನು ಹೋಗಲೇ ಇಲ್ಲ. ಅರ್ಧ ಊಟ ಬಿಟ್ಟು, ಇವತ್ತೇ ಬಂದು ತೆಗೆದುಕೊಳ್ಳುತ್ತೇನೆ ಎಂದು ಮೆಸೇಜ್ ಹಾಕಿಬಿಟ್ಟಿದ್ದ.

ಮಾರುವವಳು ಬಂದಳು. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತಬ್ಬಿ, ಗಲ್ಲವನ್ನು ಅದರ ಮೇಲೆ ಊರಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಇಲ್ಲಮ್ಮ, ತೆಂಗಿನಕಾಯಿ ನಾನ್ ತರ್ತೀನಿ, ನೀನ್ ಕೆಳಗಿಳೀಬೇಡ" ಎನ್ನುತ್ತಿದ್ದಳು. ಸಿಂಗಪುರದ ಆ ಜನಜಂಗುಳಿಯಲ್ಲಿ ಅಪ್ಪಟ ಮೈಸೂರಿನ ದನಿ. ನವನೀತ ಮುಂದೆ ಹೋಗಿ, ಭಾರ ಇದೆ ಕೊಡಿ ಎಂದು ಕನ್ನಡದಲ್ಲೇ ಹೇಳಿದ. ಅವಳ ಹುಬ್ಬು ಮೇಲೇರಿತು. ಆಮೇಲೆ ಮುಖವೆಲ್ಲ ನಗುವಾಯಿತು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂಬುದನ್ನು ಅವನು ಪೆಟ್ಟಿಗೆ ಕೈಗೆ ಬರುವ ಮೊದಲೇ ಗಮನಿಸಿದ್ದ.

ಹೆಸರು ಪ್ರಣತಿ. ಮೈಸೂರಿನಿಂದ ಬಂದ ಅಪ್ಪ ಅಮ್ಮನಿಗೆ ಇಲ್ಲೇ ಹುಟ್ಟಿ ಬೆಳೆದವಳು. ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಅಷ್ಟೇ ಸಹಜವಾಗಿ ಕೇಳಿದಳು:

"ಎಷ್ಟು ವರ್ಷ ಮಗೂಗೆ?"

ನವನೀತ ಕಣ್ಣು ಕಣ್ಣು ಬಿಟ್ಟ.

"ಆ್ಯಡ್‌ನಲ್ಲಿ ಬರೆದಿದ್ದೆ, ನೋಡಿಲ್ವಾ? ಆಡೋ ಮಗು ಇದ್ರೆ ಮಾತ್ರ ಕೊಡೋದು. ಇದು ನಂದೇ, ಚಿಕ್ಕವಳಿದ್ದಾಗ ಅಪ್ಪ ತಂದಿದ್ದು. ಲಾಸ್ಟ್ ವೀಕ್ ಒಬ್ರು ಬಂದಿದ್ರು, ಗಾಜಿನ ಷೋಕೇಸ್‌ನಲ್ಲಿ ಇಡ್ತಾರಂತೆ. ಸಾರಿ ಅಂಕಲ್ ಅಂತ ವಾಪಸ್ ಕಳಿಸ್ಬಿಟ್ಟೆ."

ಪೆಟ್ಟಿಗೆ ಆಗಲೇ ಅವನ ಕೈಯಲ್ಲಿತ್ತು. ಒಳಗೆ ಹಳಿಗಳು ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಅದನ್ನು ತಿರುಗಿ ಕೊಡುವುದು ಅವನಿಂದ ಆಗದ ಮಾತಾಗಿತ್ತು. ಏಳು ವರ್ಷ ಎಂದುಬಿಟ್ಟ. ಹೆಸರು ಕೇಳಿದ್ದಕ್ಕೆ ಪಕ್ಕದ ಡೆಸ್ಕಿನವನ ಮಗನ ಹೆಸರು ಬಾಯಿಗೆ ಬಂತು. ಹಾಗೆ ಪಾಯಾ ಲೆಬಾರ್ ಸ್ಟೇಷನ್ನಿನಲ್ಲಿ, ತಾಯಿಯಿಲ್ಲದೆ, ಮುಹೂರ್ತವಿಲ್ಲದೆ, ವಿಹಾನ್ ಎಂಬ ಮಗ ನವನೀತನಿಗೆ ಹುಟ್ಟಿದ.

ನವನೀತನಿಗೆ ರೈಲಿನ ಹುಚ್ಚು ಹಿಡಿದಿದ್ದು ಮೈಸೂರಿನಲ್ಲಿ, ದಸರಾ ಗೊಂಬೆಗಳಿಂದ. ನವರಾತ್ರಿಯಲ್ಲಿ ಮನೆಮನೆಯಲ್ಲೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಅದರ ಕೆಳಗೆ ನೆಲದ ಮೇಲೆ ಉದ್ಯಾನ, ಬೆಟ್ಟ, ಕೆರೆ ಮಾಡುವುದು ಮಕ್ಕಳ ಕೆಲಸ. ನವನೀತನ ಮನೆಯಲ್ಲಿ ಮೊಳಕೆ ಬಂದ ರಾಗಿ ಪೈರಿನ ಹುಲ್ಲುಹಾಸೂ ಬೆಂಕಿಪೊಟ್ಟಣದ ರೈಲೂ ಇರುತ್ತಿದ್ದವು. ಪಕ್ಕದ ಬೀದಿಯ ಪದ್ಮಿನಿ ಆಂಟಿಯ ಮನೆಯಲ್ಲಿ ಮಾತ್ರ ನಿಜವಾಗಿ ಓಡುವ ರೈಲಿತ್ತು. ಮಕ್ಕಳೆಲ್ಲ ಕೈಕಟ್ಟಿ ನೋಡಬೇಕು, ಮುಟ್ಟುವ ಹಾಗಿಲ್ಲ. ಮುಂದಿನ ವರ್ಷ ಕೊಡಿಸೋಣ ಎಂದು ಅಪ್ಪ ಪ್ರತಿ ದಸರೆಯಲ್ಲೂ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಮಗನಿಗೆ ಮೀಸೆ ಬಂತು, ಆಮೇಲೆ ಕೇಳಲು ನಾಚಿಕೆಯಾಯಿತು.

ಈಗ ಯೂನೋಸ್‌ನ ಬಾಡಿಗೆ ಫ್ಲ್ಯಾಟ್‌ನಲ್ಲಿ ಅವನು ಹಳಿ ಜೋಡಿಸಿದ. ರೂಮ್‌ಮೇಟ್ ಸುಭಾಷ್ ಸೋಫಾದ ಮೇಲೆ ಕಾಲು ಎತ್ತಿಟ್ಟುಕೊಂಡು, ನಿಂಗೆ ಬೇಕಾಗಿರೋದು ರೈಲಲ್ಲ, ಮದುವೆ ಎಂದು ಛೇಡಿಸಿದ. ನವನೀತ ಕಿವಿಗೆ ಹಾಕಿಕೊಳ್ಳದೆ ಸ್ವಿಚ್ ಒತ್ತಿದ. ರೈಲು ಒಂದು ಗೇಣು ಓಡಿ ನಿಂತಿತು. ಮತ್ತೆ ಒತ್ತಿದ. ಮತ್ತೆ ಒಂದು ಗೇಣು. ಭಾನುವಾರ ಸಂಜೆಯವರೆಗೆ ಹೆಣಗಿ, ಕೊನೆಗೆ ಪ್ರಣತಿಗೇ ಮೆಸೇಜ್ ಮಾಡಿದ. ಅವಳು ತಕ್ಷಣ ವಿಡಿಯೋ ಕಾಲ್ ಮಾಡಿದಳು.

ಲುಂಗಿಯುಟ್ಟು ಓಡಾಡುತ್ತಿದ್ದ ಸುಭಾಷ್ ಕಾಣದ ಹಾಗೆ ಫೋನು ಹಿಡಿಯುವುದೇ ಒಂದು ಸರ್ಕಸ್ಸಾಯಿತು. ಹಳಿಯ ಮೇಲೆ ಕಿಲುಬು ಕೂತಿರುತ್ತದೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಎಂದಳು. ವಿಮಾನ ರಿಪೇರಿ ಮಾಡುವವಳು ಇಷ್ಟು ಸುಲಭದ ಉಪಾಯ ಹೇಳಿದ್ದು ಕೇಳಿ ಅವನಿಗೆ ನಗು ಬಂತು. ಅವಳು ಹುಸಿಮುನಿಸಿನಿಂದ, ನಕ್ಕರೆ ಕಾಲ್ ಕಟ್ ಮಾಡುತ್ತೇನೆ ಎಂದಳು, ಕಟ್ ಮಾಡಲಿಲ್ಲ. ಹಳಿಯೆಲ್ಲ ತಿಕ್ಕಿಯಾದ ಮೇಲೆ ರೈಲು ಪೂರ್ತಿ ಸುತ್ತು ಹೊಡೆದು ಸುರಂಗದಿಂದ ಹೊರಬಂತು. ಇಬ್ಬರೂ ಒಂದೇ ಸಲಕ್ಕೆ "ಹೋ" ಎಂದರು.

"ವಿಹಾನ್ ಎಲ್ಲಿ? ಕರೀರಿ, ನೋಡ್ಲಿ."

"ಕೆಳಗೆ ಆಡೋಕೆ ಹೋಗಿದಾನೆ" ಎಂದ ನವನೀತ, ಮಗನ ಮೇಲೆ ಸ್ವಲ್ಪ ಸಿಟ್ಟು ಬಂದವನಂತೆ.

ಅಲ್ಲಿಂದ ಶುರುವಾಯಿತು. ವಿಹಾನ್ ಏನಂದ ಎಂದು ಅವಳು ಕೇಳುವಳು, ಇವನು ಬರೆಯುವನು. ವಿಹಾನ್ ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ಎಂಜಿನ್ ಮುಖದ ಮೇಲೇ ಬರುವ ಹಾಗೆ ನೋಡುತ್ತಾನೆ. ಸುರಂಗದಿಂದ ರೈಲು ಬಂದಾಗಲೆಲ್ಲ ಅವನಿಗೆ ಹೊಸದಾಗಿ ಆಶ್ಚರ್ಯವಾಗುತ್ತದೆ. ಬೋಗಿಗಳಲ್ಲಿ ಕಡಲೆಕಾಯಿ ತುಂಬಿ ಸೋಫಾದ ಬಳಿ ಇಳಿಸುತ್ತಾನೆ. ಎಲ್ಲವೂ ನಿಜ; ಹೆಸರೊಂದು ಸುಳ್ಳು. ಒಮ್ಮೆ, ವಿಹಾನನಿಗೆ ನಿಮ್ಮ ದನಿ ತುಂಬಾ ಇಷ್ಟವಾಯಿತಂತೆ ಎಂದು ಬರೆದು ಕಳಿಸಿ, ಫೋನನ್ನು ದಿಂಬಿನಡಿ ಬಚ್ಚಿಟ್ಟುಬಿಟ್ಟ. ಆ ಮೆಸೇಜಿಗೆ ಉತ್ತರ ಬರಲಿಲ್ಲ. ಮರುದಿನ ಬೇರೆ ಏನೋ ಮಾತು ಬಂತು.

ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಭೇಟಿಯಾಯಿತು. ಕಪಾಟಿನ ಮೂಲೆಯಲ್ಲಿ ರೈಲಿನ ಕೈಮರವೊಂದು ಸಿಕ್ಕಿತೆಂದು ಕೆಲಸ ಮುಗಿಸಿ ನೇರ ಅವನ ಆಫೀಸಿನ ಹಿಂದಿನ ಹಾಕರ್ ಸೆಂಟರಿಗೇ, ಸಾಲು ತಿಂಡಿ ಅಂಗಡಿಗಳ ಆ ಜಾಗಕ್ಕೇ, ತಂದಳು. ಉಗುರಿನ ಸಂದಿಯಲ್ಲಿ ಎಂಜಿನ್ನಿನ ಎಣ್ಣೆ, ಹಣೆಯ ಮೇಲೆ ಬೆವರಿಗೆ ಅಂಟಿದ ಕೂದಲು. ಅವನು ನೋಡುತ್ತಿರುವುದು ಗೊತ್ತಾಗಿ ಕೈಗಳನ್ನು ಮೇಜಿನ ಕೆಳಗೆ ಇಳಿಸಿದಳು. ಚಹಾ ಆರುವವರೆಗೂ ಮಾತಾಡಿದರು. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿ ಒಂದು ಗಳಿಗೆ ಹೆಚ್ಚೇ ನಿಂತಿತು. ಅವಳು ಥಟ್ಟನೆ ಎದ್ದು ಬ್ಯಾಗು ಹೆಗಲಿಗೇರಿಸಿ, ಲೇಟ್ ಆಯಿತು, ಮನೆಯಲ್ಲಿ ನಿಮಗೂ ಕಾಯುತ್ತಿರುತ್ತಾರೆ ಎಂದು ಹೊರಟುಹೋದಳು. ಮನೆಯಲ್ಲಿ ಕಾಯುತ್ತಿದ್ದವನು ಸುಭಾಷ್ ಒಬ್ಬನೇ, ಅದೂ ಇವನು ಮಾಡುವ ಸಾರಿಗಾಗಿ.

ಹೇಳಿಬಿಡಬೇಕೆಂದು ಅವನು ದಿನಾ ಅಂದುಕೊಂಡ. ಹೇಳಿದರೆ ರೈಲು ಹೋಗುತ್ತದೆ. ಅದು ಹೋದರೂ ಹೋಗಲಿ. ಆದರೆ ಸುಳ್ಳುಗಾರನೆಂದು ಅವಳೂ ಹೋಗುತ್ತಾಳೆ. ಅವಳ ಮೆಸೇಜ್ ಬಾರದ ಸಂಜೆ ರೈಲು ಓಡಿಸುವುದಕ್ಕೂ ಮನಸ್ಸಾಗದು ಎಂಬುದು ಅಷ್ಟರಲ್ಲಿ ಅವನಿಗೆ ಚೆನ್ನಾಗಿ ಗೊತ್ತಾಗಿತ್ತು. ಅವನು ಪ್ರೀತಿಯಲ್ಲಿ ಬಿದ್ದಿದ್ದ, ಸುಳ್ಳಿನಲ್ಲೂ ಬಿದ್ದಿದ್ದ. ಒಂದರಿಂದ ಏಳಬೇಕಾದರೆ ಇನ್ನೊಂದರಿಂದಲೂ ಏಳಬೇಕಾಗುತ್ತದೇನೋ ಎಂದು ಹೆದರಿ ಸುಮ್ಮನಿದ್ದ.

ನವರಾತ್ರಿ ಬಂತು. ಅಮ್ಮ ಗೊಂಬೆ ಕೂರಿಸಿದ್ದಾರೆ, ಭಾನುವಾರ ಎಲ್ಲರೂ ಬನ್ನಿ, ವಿಹಾನನನ್ನೂ ಅವನ ಅಮ್ಮನನ್ನೂ ತಪ್ಪದೆ ಕರೆದುಕೊಂಡು ಬನ್ನಿ ಎಂದು ಪ್ರಣತಿ ಬರೆದಳು. ರೈಲು ತಂದರೆ ಗೊಂಬೆಗಳ ಸುತ್ತ ಓಡಿಸಬಹುದು ಎಂದೂ ಸೇರಿಸಿದ್ದಳು. ನವನೀತ ಆ ಮೆಸೇಜನ್ನು ಎರಡು ಸಲ ಓದಿದ. ಮೊದಲು ಅವಳನ್ನು ಒಬ್ಬಳನ್ನೇ ಕಂಡು ನಿಜ ಹೇಳುವುದು, ಪೆಟ್ಟಿಗೆ ಅವಳ ಕೈಗೆ ಒಪ್ಪಿಸುವುದು, ಬಂದ ದಾರಿ ಹಿಡಿಯುವುದು ಎಂದು ನಿಶ್ಚಯಿಸಿ ಬೆಡೋಕ್‌ನ ಅವರ ಮನೆಗೆ ಹೋದ.

ಬಾಗಿಲು ತೆರೆದವರು ಅವಳ ತಾಯಿ ಅನಸೂಯ. ಅವನ ಬೆನ್ನ ಹಿಂದೆ ಕಾರಿಡಾರಿನ ಉದ್ದಕ್ಕೂ ಕಣ್ಣು ಹಾಯಿಸಿ, ಮಗು ಎಲ್ಲಪ್ಪ, ನಿಮ್ಮ ಮನೆಯವರು ಎಲ್ಲಿ ಎಂದು ಕೇಳಿದರು. ಬರಲಿಲ್ಲ ಎಂದು ಅವನು ಗೊಣಗಿದ. ಅಷ್ಟರಲ್ಲಿ ಒಳಗಿದ್ದ ನೆಂಟರ ಮಕ್ಕಳು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಮುತ್ತಿಕೊಂಡರು. "ಟ್ರೈನ್ ಅಂಕಲ್, ಫಾಸ್ಟ್ ಲಾ" ಎಂದು ಒಬ್ಬಳು ಸಿಂಗಪುರದ ಧಾಟಿಯಲ್ಲಿ ಅವಸರಿಸಿ ಅವನ ಕೈ ಹಿಡಿದು ಎಳೆದಳು. ಪ್ರಣತಿ ಅಡುಗೆಮನೆಯಲ್ಲಿದ್ದಳು. ನಿಶ್ಚಯವೆಲ್ಲ ಗಾಳಿಗೆ ಹೋಯಿತು.

ಪಟ್ಟದ ಗೊಂಬೆ, ದಶಾವತಾರ, ಶೆಟ್ಟಿ ಅಂಗಡಿ, ಕೆಳಗಿನ ಸಾಲಿನಲ್ಲಿ ಮಣ್ಣಿನ ವಾದ್ಯಗಾರರು. ಅವುಗಳ ಸುತ್ತ ಹಳಿ ಹಾಕಿ ನವನೀತ ಸ್ವಿಚ್ ಒತ್ತಿದ. ಹಸಿರು ಎಂಜಿನ್ ಶೆಟ್ಟಿ ಅಂಗಡಿ ದಾಟಿ, ಮೆಟ್ಟಿಲ ಹಿಂದೆ ಮಾಯವಾಗಿ, ಮತ್ತೆ ಕಾಣಿಸಿಕೊಂಡಿತು. ಈ ಸಲ ಮುಟ್ಟಬೇಡ ಎನ್ನುವವರು ಯಾರೂ ಇರಲಿಲ್ಲ. ಅವನಿಗೆ ತಾನು ಎಲ್ಲಿದ್ದೇನೆ, ಯಾಕೆ ಬಂದೆ ಎಂಬುದು ಮರೆತೇಹೋಯಿತು. ಮಕ್ಕಳ ಸಾಲಿನಲ್ಲಿ ತಾನೂ ಮಲಗಿ, ತಣ್ಣನೆ ಟೈಲ್ಸಿಗೆ ಕೆನ್ನೆ ಒತ್ತಿ, ಎಂಜಿನ್ ಮುಖದ ಮೇಲೇ ಬರುವುದನ್ನು ನೋಡಿದ.

ತಲೆ ಎತ್ತಿದಾಗ ಕಡಲೆಕಾಳು ಉಸಲಿಯ ಬಟ್ಟಲು ಹಿಡಿದು ಪ್ರಣತಿ ನಿಂತಿದ್ದಳು. ಹಸಿರು ರೇಷ್ಮೆ ಸೀರೆ, ಮಲ್ಲಿಗೆ. ಮುಖದ ಮೇಲಿದ್ದ ನಗು ನೋಡುತ್ತಿದ್ದಂತೆಯೇ ಪ್ರಶ್ನೆಯಾಗುತ್ತಿತ್ತು.

ಅದೇ ಹೊತ್ತಿಗೆ ಅನಸೂಯ ತಟ್ಟೆ ತಂದು ಅವನ ಮುಂದೆ ಹಿಡಿದರು. ಅರಿಶಿನ ಕುಂಕುಮ, ಬಳೆ, ಎಲೆ ಅಡಿಕೆ, ಒಂದು ರವಿಕೆ ಕಣ. ಪಕ್ಕದಲ್ಲಿ ಬಣ್ಣದ ಪೆನ್ಸಿಲಿನ ಡಬ್ಬಿ.

"ಮುತ್ತೈದೆ ಬರ್ಲಿಲ್ಲ ಅಂತ ಬಿಡೋಕಾಗತ್ತಾ? ತಗೊಂಡು ಹೋಗಿ ನಿಮ್ಮ ಮನೆಯವ್ರಿಗೆ ಕೊಡಪ್ಪ. ಇದು ಮಗೂಗೆ."

ಸ್ಟೇಷನ್ನಿನಲ್ಲಿ ಸುಳ್ಳು ಹೇಳುವುದು ಬೇರೆ. ಗೊಂಬೆಗಳ ಮುಂದೆ, ಇಲ್ಲದ ಹೆಂಡತಿಯ ಹೆಸರಿನಲ್ಲಿ ಅರಿಶಿನ ಕುಂಕುಮ ತೆಗೆದುಕೊಳ್ಳುವುದು ಬೇರೆ. ಅಷ್ಟು ಗಟ್ಟಿ ಎದೆ ಅವನಿಗಿರಲಿಲ್ಲ. ಕೈ ಮುಂದೆ ಬರಲಿಲ್ಲ.

"ಆಂಟಿ, ನಂಗೆ ಮದುವೆ ಆಗಿಲ್ಲ. ಮಗೂನೂ ಇಲ್ಲ. ರೈಲು ನಂಗೇ ಬೇಕಿತ್ತು. ಚಿಕ್ಕೋನಿದ್ದಾಗಿಂದ ಆಸೆ. ಹೇಳೋಕೆ ನಾಚಿಕೆ ಆಗಿ ಸುಳ್ಳು ಹೇಳ್ದೆ."

ನೆಂಟರೆಲ್ಲ ಅವನತ್ತ ತಿರುಗಿದರು. ರೈಲು ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಮೂಲೆಯ ಕುರ್ಚಿಯಲ್ಲಿದ್ದ ಪ್ರಣತಿಯ ತಂದೆ ಅನಂತರಾಮ್ ಮೊದಲು ನಕ್ಕವರು. ನಗುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. ಅನಸೂಯ ತಟ್ಟೆ ಹಿಡಿದೇ ಮಗಳ ಕಡೆ ತಿರುಗಿದರು. ಮಗಳು ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಕಾರಿಡಾರಿಗೆ ನಡೆದಾಗಿತ್ತು.

ಇಂಗು ತಿಂದ ಮಂಗನಂತಾಗಿದ್ದ ನವನೀತ ಹಿಂದೆಯೇ ಹೋದ. ಚಪ್ಪಲಿಗಳ ಸಾಲಿನ ಪಕ್ಕ, ಕಟಾಂಜನ ಹಿಡಿದು ಅವಳು ಕೆಳಗಿನ ಕಾರ್‌ಪಾರ್ಕ್ ನೋಡುತ್ತಿದ್ದಳು. ಅವನು ಕ್ಷಮೆ ಕೇಳಿದ. ರೈಲು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದ.

"ರೈಲು ಯಾರಿಗೆ ಬೇಕು?" ಎಂದಳು ಅವಳು. "ನಿಮ್ಮ ಮೆಸೇಜ್‌ಗೆ ಕಾಯ್ತಾ ಕೂತ್ಕೊಂಡು, ಆಮೇಲೆ ನನ್ನನ್ನ ನಾನೇ ಎಷ್ಟು ಬೈಕೊಂಡಿದೀನಿ ಗೊತ್ತಾ? ಮದುವೆ ಆಗಿರೋರ ಮೇಲೆ ಮನಸ್ಸಿಟ್ಟಿದೀನಿ, ನಾನೆಂಥವಳು ಅಂತ. ಇವತ್ತು ನಿಮ್ಮ ಹೆಂಡತೀನ ಕಣ್ಣಾರೆ ನೋಡಿದ್ರಾದ್ರೂ ಬುದ್ಧಿ ಬರತ್ತೆ ಅಂತಲೇ ಕರೆದಿದ್ದು."

ಅವಳು ಬೈಯುತ್ತಿದ್ದಾಳೆ, ನಿಜ. ಆದರೆ ಇಷ್ಟು ಸಿಹಿಯಾದ ಬೈಗುಳವನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಮೆಲ್ಲಗೆ ಅವಳ ಪಕ್ಕ ಬಂದು ನಿಂತ.

"ನೀವಂದ್ರೆ ನಂಗೆ ತುಂಬಾ ಇಷ್ಟ, ಪ್ರಣತಿ. ಇದನ್ನ ಹೇಳೋಕೆ ಹೆದರ್ಕೊಂಡೇ ಆ ಸುಳ್ಳನ್ನ ಇಷ್ಟು ದಿನ ಎಳೆದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕಾರ್‌ಪಾರ್ಕಿನ ಕಡೆ ನೋಡುತ್ತಲೇ ಕೇಳಿದಳು.

"ವಿಹಾನ್‌ಗೆ ನನ್ನ ವಾಯ್ಸ್ ಇಷ್ಟ ಅಂತ ಬರೆದಿದ್ರಲ್ಲ."

"ಅದೂ ನಾನೇ."

"ಆವತ್ತು ರಿಪ್ಲೈ ಮಾಡ್ಲಿಲ್ಲ. ಅಷ್ಟು ಖುಷಿ ಆಗಿತ್ತು, ತಪ್ಪು ಅನ್ನಿಸ್ತು." ಅವಳು ಈಗ ಅವನ ಕಡೆ ತಿರುಗಿದಳು. ಎಡಗೆನ್ನೆಯ ಗುಳಿ ಇನ್ನೂ ಒದ್ದೆಯಾಗಿತ್ತು. "ತಪ್ಪಾಗಿರ್ಲಿಲ್ಲ ಅಲ್ವಾ?"

ಇಲ್ಲ ಎಂದು ಅವನು ತಲೆಯಾಡಿಸಿದ. ಒಳಗಿನಿಂದ ಆರತಿಗೆ ಹೊತ್ತಾಯಿತೆಂದು ಅನಸೂಯ ಕೂಗಿದರು. ಪ್ರಣತಿ ಸೀರೆಯ ನೆರಿಗೆ ಸರಿಮಾಡಿಕೊಂಡು, ಅವನ ಕೈಯನ್ನು ತೊಳೆದರೂ ಹೋಗದ ಎಣ್ಣೆ ಕಲೆಯ ಬೆರಳುಗಳಿಂದ ಗಟ್ಟಿಯಾಗಿ ಹಿಡಿದಳು.

"ಬನ್ನಿ ಒಳಗೆ. ಅಮ್ಮಂಗೆ ಇನ್ನೊಂದು ವಿಷಯ ಹೇಳೋದಿದೆ. ಇದನ್ನ ನಾನ್ ಹೇಳ್ತೀನಿ, ನೀವು ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ."